ಮೇಷ್ಟ್ರೇ, ಬೋರ್ಡು ಒರೆಸಿ

ಪ್ರಶ್ನೆ: ನನಗೆ 63 ವರ್ಷ. ಬಯಲುಸೀಮೆಯ ಹೈಸ್ಕೂಲುಗಳಲ್ಲಿ 34 ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದೆ. ನಿವೃತ್ತನಾದ ಮೇಲೆ ಹೊಸನಗರ ತಾಲ್ಲೂಕಿನ ನಮ್ಮ ಊರಿಗೆ ಬಂದೆ. ಎರಡು ಎಕರೆ ಅಡಿಕೆ ತೋಟವನ್ನು ತಮ್ಮ ನೋಡಿಕೊಳ್ಳುತ್ತಾನೆ. ನನಗೆ ಮಾಡಲು ಕೆಲಸ ಇಲ್ಲ, ಮಾತಾಡಲು ಜನ ಇಲ್ಲ. ನನ್ನ ಹಾಗೆ ಸುಮ್ನೆ ಕೂತ ಹಿರಿಯರು ಊರಲ್ಲಿ ಇನ್ನೂ ಇದ್ದಾರಲ್ಲ ಅಂತ, ಯುಗಾದಿ ಕಳೆದ ಮೇಲೆ ಒಂದು ಕಲಿಕಾ ಕೂಟ ಶುರು ಮಾಡಿದೆ. ಬುಧವಾರ ಸಂಜೆ 5ಕ್ಕೆ, ಪಂಚಾಯಿತಿ ಲೈಬ್ರರಿಯಲ್ಲಿ. ಸೌರವ್ಯೂಹ, ಸಕ್ಕರೆ ಕಾಯಿಲೆ, ಹವಾಮಾನ ಬದಲಾವಣೆ ಹೀಗೆ ಒಂದೊಂದು ವಿಷಯಕ್ಕೂ ಚಾರ್ಟ್ ಬರೆದು ತಯಾರಾಗಿ ಹೋಗುತ್ತಿದ್ದೆ. ಮೊದಲ ವಾರ 22 ಜನ ಬಂದರು. ಜಾಗ ಸಾಲದು ಅಂತ ನಮ್ಮ ಮನೆ ಜಗಲಿಗೆ ಬದಲಾಯಿಸಿದೆ. ಈಗ ಬರುವವರು ನಾಲ್ಕೇ ಜನ. ಅವರೂ ವಿಷಯದ ಮೇಲೆ ನಿಲ್ಲುವುದಿಲ್ಲ. ಒಬ್ಬ ಹಿರಿಯರಂತೂ ಯಾವ ಪಾಠ ತೆಗೆದರೂ ಅಣೆಕಟ್ಟಿನ ನೀರಿನಲ್ಲಿ ಊರುಗಳು ಹೋದ ಮುಳುಗಡೆ ಕಥೆಗೇ ಎಳೆಯುತ್ತಾರೆ. ನನ್ನ ಹೆಂಡತಿ ಗುರುವಾರ ಸ್ತ್ರೀಶಕ್ತಿ ಸಂಘಕ್ಕೆ ಹೋಗಿ ನಗುನಗುತ್ತಾ ಬರುತ್ತಾಳೆ. ನನ್ನನ್ನು ನೋಡಿ, "ಅವರೆಲ್ಲ ನಿಮ್ಮ ಸ್ಟೂಡೆಂಟ್ಸಾ?" ಅನ್ನುತ್ತಾಳೆ. ಮಗ ಬೆಂಗಳೂರಿಗೆ ಬಂದುಬಿಡಿ ಅಂತಿದ್ದಾನೆ. ಹಳ್ಳಿ ಜನಕ್ಕೆ ಕಲಿಯುವ ಆಸಕ್ತಿ ಇಲ್ಲ ಅಂತ ಒಪ್ಪಿಕೊಂಡು, ಕೂಟ ಮುಚ್ಚಿ ಹೊರಟುಬಿಡಲೇ?
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಮೇಷ್ಟ್ರೇ, ನಿಮ್ಮ ಹೆಂಡತಿ ಕೇಳಿದ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿರಿ? ಪತ್ರದಲ್ಲಿ ಅದು ಇಲ್ಲ. ನನಗೆ ಬರೆಯುವ ಮೊದಲು ಅವರಿಗೆ ಉತ್ತರ ಕೊಟ್ಟಿದ್ದರೆ ನನ್ನ ಕೆಲಸ ಅರ್ಧ ಮುಗಿದಿರುತ್ತಿತ್ತು.

ಸಿಟ್ಟು ಮಾಡಿಕೊಳ್ಳಬೇಡಿ. 34 ವರ್ಷ ಒಂದೇ ಕೆಲಸ ಮಾಡಿದವರಿಗೆ ಅದು ಮೈಗೆ ಹತ್ತಿರುತ್ತದೆ. ನಮ್ಮ ಅಪ್ಪ ಪೋಸ್ಟ್ ಮಾಸ್ಟರ್ ಆಗಿದ್ದವರು. ನಿವೃತ್ತರಾಗಿ ಹತ್ತು ವರ್ಷ ಆದ ಮೇಲೂ ಮದುವೆ ಕರೆಯೋಲೆ ಬಂದರೆ ಯಾರ ಮದುವೆ ಅಂತ ನೋಡುತ್ತಿರಲಿಲ್ಲ. ಮೊದಲು ಅಂಚೆ ಮುದ್ರೆಯ ತಾರೀಕು ನೋಡಿ, "ನಾಲ್ಕು ದಿನ ತಗೊಂಡಿದೆ" ಅನ್ನುತ್ತಿದ್ದರು. ನಿಮ್ಮದೂ ಅಷ್ಟೇ. ಹತ್ತು ಜನ ಎದುರಿಗೆ ಕೂತರೆ ನಿಮ್ಮ ಕೈ ಸೀಮೆಸುಣ್ಣ ಹುಡುಕುತ್ತದೆ.

ಜನಕ್ಕೆ ಆಸಕ್ತಿ ಇಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೊದಲ ವಾರ 22 ಜನ ಬಂದಿದ್ದಾರೆ! ನಿಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಗುಡ್ಡ ಹತ್ತಿ ಇಳಿಯಬೇಕು, ಸಂಕ ದಾಟಬೇಕು. ಮಂಡಿ ನೋವಿನವರು, ಬಿ.ಪಿ. ಮಾತ್ರೆಯವರು, ಕೊಟ್ಟಿಗೆ ಕೆಲಸ ಸೊಸೆಗೆ ಒಪ್ಪಿಸಿ ಬಂದವರು. ಅಷ್ಟು ದೂರ ಬಂದದ್ದು ಗುರುಗ್ರಹಕ್ಕೆ ಎಷ್ಟು ಚಂದ್ರರು ಅಂತ ತಿಳಿಯೋಕಲ್ಲ. ನಾಲ್ಕು ಜನರ ಜೊತೆ ಕೂತು ತಾವೂ ಎರಡು ಮಾತಾಡಬಹುದು ಅಂತ. ಒಂದು ಗಂಟೆ ಕೂತರು, ಮಾತಾಡಲು ಸರದಿ ಬರಲಿಲ್ಲ. ಮುಂದಿನ ವಾರ ಬರಲಿಲ್ಲ.

ನಿಮ್ಮ ಯೋಚನೆ ತಪ್ಪಲ್ಲ. ಹೊಸದೂ ಅಲ್ಲ. 1973ರಲ್ಲಿ ಫ್ರಾನ್ಸಿನ ಟುಲೂಸ್ ನಗರದಲ್ಲಿ ಪಿಯೆರ್ ವೆಲಾಸ್ ಎಂಬ ಪ್ರಾಧ್ಯಾಪಕರು ನಿವೃತ್ತರಿಗಾಗಿಯೇ ವಿಶ್ವವಿದ್ಯಾಲಯದ ಬಾಗಿಲು ತೆರೆದರು. 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ' ಅಂತ ಅದರ ಹೆಸರು. ಬಾಲ್ಯ ಒಂದು, ದುಡಿಮೆ ಎರಡು, ಅದು ಮುಗಿದ ಮೇಲಿನದು ಮೂರು. ಅಲ್ಲಿ ಪ್ರಾಧ್ಯಾಪಕರು ಹೇಳುತ್ತಿದ್ದರು, ಹಿರಿಯರು ಕೇಳುತ್ತಿದ್ದರು. ನಿಮ್ಮ ಬುಧವಾರದ ಹಾಗೆ. 1980ರ ದಶಕದ ಶುರುವಿನಲ್ಲಿ ಈ ಯೋಚನೆ ಇಂಗ್ಲೆಂಡಿಗೆ ಹೋಯಿತು. ಪೀಟರ್ ಲಾಸ್ಲೆಟ್, ಮೈಕೆಲ್ ಯಂಗ್, ಎರಿಕ್ ಮಿಡ್‌ವಿಂಟರ್ ಎಂಬ ಮೂವರು ಅದನ್ನು ತಿರುವಿ ಹಾಕಿದರು. ಮೇಷ್ಟ್ರು ಬೇರೆ, ಶಿಷ್ಯರು ಬೇರೆ ಅನ್ನುವುದೇ ಬೇಡ ಅಂದರು. ಸದಸ್ಯರೇ ಕಲಿಸಬೇಕು, ಸದಸ್ಯರೇ ಕಲಿಯಬೇಕು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಈ ವಾರ ಪಾಠ ಹೇಳಿದವರು ಮುಂದಿನ ವಾರ ಹಿಂದಿನ ಬೆಂಚಿನಲ್ಲಿ. ಆ ಕ್ರಮ ಅಲ್ಲಿನ ಸಣ್ಣ ಸಣ್ಣ ಊರುಗಳಿಗೂ ಹರಡಿತು, ಆಸ್ಟ್ರೇಲಿಯಾಕ್ಕೂ ಹೋಯಿತು.

ನಮಗೆ ಇದನ್ನು ಇಂಗ್ಲೆಂಡಿನವರು ಹೇಳಿಕೊಡಬೇಕಾ? ಮುಯ್ಯಾಳು ಗೊತ್ತಲ್ಲ ನಿಮಗೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಕೂಲಿ ಇಲ್ಲ, ಲೆಕ್ಕ ಮಾತ್ರ ಇದೆ. ನಿಮ್ಮ ಕೂಟದಲ್ಲಿ ಆಗಿದ್ದೇನು? ವಾರ ವಾರ ನೀವೇ ಮುಯ್ಯಿ ಮಾಡಿದಿರಿ, ತಿರುಗಿ ಯಾರಿಂದಲೂ ತೆಗೆದುಕೊಳ್ಳಲಿಲ್ಲ. ಹಳ್ಳಿಯಲ್ಲಿ ಮುಯ್ಯಿ ತೀರಿಸೋಕೆ ಬಿಡದವರ ಮನೆಗೆ ಜನ ಹೋಗುವುದು ಕಮ್ಮಿ ಮಾಡುತ್ತಾರೆ. ಸಂಕೋಚ ಆಗುತ್ತೆ ಅವರಿಗೆ.

ಅದಕ್ಕೇ ಹೇಳುವುದು, ಒಂದೆರಡು ತಿಂಗಳು ನೀವು ಪಾಠ ಮಾಡಬೇಡಿ. ಒಂದೂ ಮಾಡಬೇಡಿ. ಚಾರ್ಟುಗಳನ್ನು ಸುತ್ತಿ ಅಟ್ಟದ ಮೇಲಿಡಿ. ಬೋರ್ಡು ಇಟ್ಟಿದ್ದರೆ ಒರೆಸಿ ಗೋಡೆಗೆ ತಿರುಗಿಸಿ ಇಡಿ. ಹೋಗಿ ಕಲಿಯಿರಿ.

ಏನು ಕಲಿಯೋದು ಅಂತೀರಾ? ತೋಟದಿಂದಲೇ ಶುರು ಮಾಡಿ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುತ್ತಾರಲ್ಲ, ಆ ದ್ರಾವಣ ಮಾಡುವುದನ್ನು ಹತ್ತಿರ ಕೂತು ನೋಡಿದ್ದೀರಾ? 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಅಷ್ಟು ಎಲ್ಲರಿಗೂ ಗೊತ್ತು. ಆದರೆ ಬೆರೆಸಿದ ಮೇಲೆ ಹಳಬರು ಒಂದು ಕತ್ತಿಯ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕತ್ತಿಗೆ ಕೆಂಪು ಬಣ್ಣ ಹತ್ತಿದರೆ, "ಸುಣ್ಣ ಸಾಲದು, ಇನ್ನೊಂಚೂರು ಹಾಕು" ಅನ್ನುತ್ತಾರೆ. ಯಾಕೆ ಅಂತ ಕೇಳಿ ನೋಡಿ. "ಇಲ್ಲದಿದ್ರೆ ಕಾಯಿ ಸುಡುತ್ತೆ" ಅಂತಾರೆ, ಅಷ್ಟೇ. ಆ ಕೆಂಪು ತಾಮ್ರ, ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂತಿದೆ, ಹುಳಿ ಇನ್ನೂ ಉಳಿದಿದೆ ಅಂತ ಹೇಳಬಲ್ಲವರು ಊರಿನಲ್ಲಿ ನೀವೇ. ಹೈಸ್ಕೂಲಿನಲ್ಲಿ ಎಷ್ಟು ಸಲ ಆ ಪಾಠ ಮಾಡಿದ್ದೀರೋ! ಅವರಿಗೆ ಹದ ಗೊತ್ತು, ನಿಮಗೆ ಕಾರಣ ಗೊತ್ತು. ಅವರು ಹದ ತೋರಿಸಿದ ಮೇಲೆ, ಅವರು ಕೇಳಿದರೆ, ನೀವು ಕಾರಣ ಹೇಳಿ. ಕೇಳದಿದ್ದರೆ ನಾಲಿಗೆ ಕಚ್ಚಿಕೊಂಡು ಕೂತಿರಿ. ಕಷ್ಟ ಅಂತ ನನಗೂ ಗೊತ್ತು.

ಈಗ ಆ ಮುಳುಗಡೆ ಹಿರಿಯರ ವಿಷಯ. ನಿಮ್ಮ ಪತ್ರ ಓದುವಾಗ ನಾನು ಅಲ್ಲೇ ನಿಂತುಬಿಟ್ಟೆ. ವಿಷಯ ಬಿಟ್ಟು ಮಾತಾಡುತ್ತಾರೆ ಅಂತ ದೂರಿದ್ದೀರಿ. ಮೇಷ್ಟ್ರೇ, ನಿಮ್ಮ ಕೂಟಕ್ಕೆ ಅವರಿಗಿಂತ ಒಳ್ಳೆಯ ಪಾಠ ಯಾವುದಿದೆ? ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. 1819 ಅಡಿಗೆ ನೀರು ನಿಲ್ಲಿಸಿದಾಗ ಸಾಗರ, ಹೊಸನಗರ ಸೀಮೆಯ ಊರಿಗೆ ಊರೇ ಒಳಗೆ ಹೋದವು. ಆಗ ಹನ್ನೆರಡು ಹದಿಮೂರು ವರ್ಷದ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಎತ್ತಿನ ಗಾಡಿಗೆ ಕದ, ಕಂಬ ಕಿತ್ತು ಹೇರಿದ್ದನ್ನು ಕಣ್ಣಾರೆ ಕಂಡವರು. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಬರುತ್ತದೆ, ಎಲ್ಲರೂ ಫೋಟೊ ತೆಗೆಯೋಕೆ ಹೋಗುತ್ತಾರೆ. ಆ ನೀರಿನಡಿ ಯಾವ ಕೇರಿ ಎಲ್ಲಿತ್ತು, ಯಾರ ಗದ್ದೆಗೆ ಏನು ಹೆಸರಿತ್ತು ಅಂತ ಹೇಳುವವರು ವರ್ಷ ವರ್ಷಕ್ಕೂ ಕಮ್ಮಿ ಆಗುತ್ತಿದ್ದಾರೆ. ಅವರು ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾರೆ ಅಂದರೆ ಇಲ್ಲಿವರೆಗೆ ಯಾರೂ ಅದನ್ನು ಪೂರ್ತಿ ಕೇಳಿಲ್ಲ ಅಂತ ಅರ್ಥ.

ಒಂದು ದೊಡ್ಡ ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಿ. ಚಾರ್ಟ್ ಬರೆಯುವ ಕೈ ನಿಮ್ಮದು, ಅದು ದಂಡ ಆಗುವುದು ಬೇಡ. ಅವರು ಹೇಳಲಿ, ನೀವು ಬರೆಯಿರಿ. ಹೊಳೆ, ದೇವಸ್ಥಾನ, ಸಂಪರ್ಕದ ಕಾಲುದಾರಿ, ಭೂತಪ್ಪನ ಕಟ್ಟೆ. ಹತ್ತು ನಿಮಿಷದಲ್ಲಿ ಇನ್ನೊಬ್ಬರು, "ಅಲ್ಲಲ್ಲ, ಆ ಮನೆ ಹೊಳೆಯ ಆಚೆ ಇತ್ತು" ಅನ್ನದಿದ್ದರೆ ಕೇಳಿ. ಜಗಳ ಶುರುವಾದರೆ ಖುಷಿ ಪಡಿ. ಮುಂದಿನ ವಾರ ಇಬ್ಬರೂ ತಮ್ಮ ಕಡೆಯ ಸಾಕ್ಷಿ ಕರೆದುಕೊಂಡು ಬರುತ್ತಾರೆ.

ಇನ್ನೊಂದು ವಿಷಯ. ಅದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ದಾಟಿದ್ದೀರಿ. ಕೂಟವನ್ನು ನಿಮ್ಮ ಮನೆ ಜಗಲಿಗೆ ಬದಲಾಯಿಸಿದಿರಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ. ಆದರೆ ನಮ್ಮ ಮಲೆನಾಡಿನಲ್ಲಿ ಜಗಲಿ ಅಂದರೆ ಬರೀ ಜಗಲಿ ಅಲ್ಲ. ಯಾರು ಮೇಲೆ ಹತ್ತಿ ಕೂರುತ್ತಾರೆ, ಯಾರು ಮೆಟ್ಟಿಲ ಮೇಲೆ ಕೂರುತ್ತಾರೆ, ಯಾರು ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಾರೆ ಅನ್ನುವುದು ನಮ್ಮ ಅಜ್ಜಂದಿರ ಕಾಲದಿಂದ ಗೊತ್ತಿರುವ ವಿಷಯ. ನೀವು ಅದನ್ನು ಲೆಕ್ಕಕ್ಕೆ ಇಟ್ಟಿಲ್ಲ, ಸರಿ. ಅವರು ಇಟ್ಟಿದ್ದಾರೆ. ಬಾರದೆ ಹೋದ 18 ಜನರ ಹೆಸರು ಒಂದು ಚೀಟಿಯಲ್ಲಿ ಬರೆದು, ಅವರ ಮನೆ ಯಾವ ಕೇರಿಯಲ್ಲಿದೆ ಅಂತ ಪಕ್ಕದಲ್ಲಿ ಗುರುತು ಹಾಕಿ. ನಾನು ಹೇಳುವುದು ತಪ್ಪಾಗಿದ್ದರೆ ಸಂತೋಷ. ಸರಿಯಾಗಿದ್ದರೆ ನಾಳೆಯೇ ಲೈಬ್ರರಿಗೆ ವಾಪಸ್ಸು ಹೋಗಿ. ಈಗ ಅದಕ್ಕೆ 'ಅರಿವು ಕೇಂದ್ರ' ಅಂತ ಹೆಸರಿಟ್ಟಿದ್ದಾರೆ, ಅದು ಎಲ್ಲರದ್ದು. ಜಾಗ ಸಾಲದಿದ್ದರೆ ಭಾನುವಾರ ಶಾಲೆಯ ವರಾಂಡ ಕೇಳಿ. ಚಹಾದ ಲೋಟ ಎಲ್ಲರಿಗೂ ಒಂದೇ ತರ ಇರಲಿ, ತೊಳೆಯುವ ಸರದಿಯಲ್ಲಿ ನಿಮ್ಮ ಹೆಸರು ಮೊದಲು ಇರಲಿ.

ಹೊತ್ತೂ ಸರಿ ಇಲ್ಲ. ಸಂಜೆ 5 ಅಂದರೆ ಹಾಲು ಕರೆಯುವ ಹೊತ್ತು. ಮಳೆಗಾಲದಲ್ಲಿ ಆಗಲೇ ಕತ್ತಲು ಕವಿದಿರುತ್ತದೆ, ದಾರಿ ತುಂಬ ಪಾಚಿ, ಇಂಬಳ. ವಯಸ್ಸಾದವರು ಜಾರಿ ಬಿದ್ದರೆ ಮೂರು ತಿಂಗಳು ಮಂಚ. ಊಟ ಆಗಿ ಒಂದು ಸಣ್ಣ ನಿದ್ದೆ ಮುಗಿಯುವ ಮೂರು ಗಂಟೆ ಒಳ್ಳೆಯದು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಅಂತ ಬೇರೆ ಕಡೆಯವರು ಹೇಳುತ್ತಾರೆ. ನಿಮ್ಮ ಕಡೆಯ ದಾರಿಗಳಲ್ಲಿ ಓಡುವುದು ಬಹುಪಾಲು ಪ್ರೈವೇಟ್ ಬಸ್ಸು, ಅದೂ ಎರಡು ಟ್ರಿಪ್ ಇದ್ದರೆ ಪುಣ್ಯ. ಬಸ್ಸಿನ ಹೊತ್ತು ನೋಡಿಕೊಂಡು ಗಂಟೆ ಇಡಿ. ಅಡಿಕೆ ಕೊಯ್ಲು ಶುರುವಾದರೆ ಯಾರೂ ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಕೊಯ್ಲು ಅಂದಾಗ ನೆನಪಾಯಿತು. ಮೊದಲು ರಾತ್ರಿ ಅಡಿಕೆ ಸುಲಿಯಲು ಒಂದೊಂದು ಮನೆಯಲ್ಲಿ ಹದಿನೈದು ಇಪ್ಪತ್ತು ಜನ ಸೇರುತ್ತಿದ್ದರು. ಕೈ ಕತ್ತಿಯ ಮೇಲೆ, ಬಾಯಿ ಊರಿನ ಮೇಲೆ! ಯಕ್ಷಗಾನದ ಪ್ರಸಂಗ, ಯಾರ ಮನೆಗೆ ಯಾರು ಹೆಣ್ಣು ನೋಡಲು ಬಂದರು, ದೆವ್ವದ ಕಥೆ, ಎಲ್ಲವೂ ಅಲ್ಲೇ. ಸುಲಿಯುವ ಯಂತ್ರ ಬಂತು, ಸೊಂಟ ಉಳಿಯಿತು. ಆ ಕೂಟ ಹೋಯಿತು. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ 'ಮೆನ್ಸ್ ಶೆಡ್' ಅಂತ ನಡೆಯುತ್ತಿವೆ. ನಿವೃತ್ತ ಗಂಡಸರು ಒಂದು ಶೆಡ್ಡಿನಲ್ಲಿ ಸೇರಿ ಮರಗೆಲಸ, ರಿಪೇರಿ ಮಾಡುತ್ತಾರೆ. ಗಂಡಸರು ಎದುರುಬದುರು ಕೂತರೆ ಮಾತಾಡುವುದಿಲ್ಲ, ಪಕ್ಕಪಕ್ಕ ನಿಂತು ಕೆಲಸ ಮಾಡುವಾಗ ಮಾತಾಡುತ್ತಾರೆ ಅನ್ನುವುದು ಅವರ ಲೆಕ್ಕ. ನಮ್ಮ ಸುಲಿತದ ರಾತ್ರಿಗಳೂ ಅದನ್ನೇ ಹೇಳುತ್ತವೆ, ಅಲ್ವಾ? ನಿಮ್ಮ ಹೆಂಡತಿಯ ಸಂಘದಲ್ಲೂ ನೋಡಿ. ಉಳಿತಾಯದ ಪುಸ್ತಕ ಬರೆಯಬೇಕು, ಸಾಲದ ಕಂತು ಕಟ್ಟಬೇಕು, ಕೈಗೆ ಕೆಲಸ ಇದೆ. ನಗು ಅದರ ಜೊತೆಗೆ ಬರುತ್ತದೆ. ನಿಮ್ಮ ಕೂಟದಲ್ಲೂ ಕೈಗೆ ಏನಾದರೂ ಕೊಡಿ. ಬುಟ್ಟಿ ಹೆಣೆಯುವವರು ಇದ್ದರೆ ಬಿದಿರು ತರಲಿ. ಗೋಡೆಗೆ ಹಸೆ ಚಿತ್ತಾರ ಬರೆಯುವ ಅಜ್ಜಿ ಇದ್ದರೆ ಪುಂಡಿನಾರಿನ ಕುಂಚ ಮಾಡುವುದನ್ನು ತೋರಿಸಲಿ. ಹೆಂಗಸರನ್ನೂ ಕರೆದಿದ್ದೀರಿ ತಾನೇ? ಪತ್ರದಲ್ಲಿ ಸ್ಪಷ್ಟ ಇಲ್ಲ.

ನಿಮಗೆ ಕಲಿಸಲೇಬೇಕು ಅಂತ ಕೈ ತುರಿಸಿದರೆ ಒಂದು ಕೆಲಸ ಇದೆ, ಫೋನು. ಆದರೆ ಬೋರ್ಡಿನ ಮೇಲಲ್ಲ, ಒಬ್ಬೊಬ್ಬರ ಪಕ್ಕ ಕೂತು. ಪೆನ್ಷನ್ ಇರುವವರಿಗೆ ನವೆಂಬರ್ ಬಂದರೆ ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ಕೊಡುವ ಓಡಾಟ. ಮೊಬೈಲಿನಲ್ಲೇ ಮುಖ ತೋರಿಸಿ ಅದನ್ನು ಕೊಡಲು ಬರುತ್ತದೆ. ಪೊಲೀಸು ಅಂತ ಹೇಳಿ ವಿಡಿಯೊ ಕಾಲ್ ಮಾಡಿ ಹೆದರಿಸುವ ಕಳ್ಳರು ಬಂದಿದ್ದಾರೆ, 'ಡಿಜಿಟಲ್ ಅರೆಸ್ಟ್' ಅನ್ನುವುದು ಕಾನೂನಿನಲ್ಲೇ ಇಲ್ಲ. ದುಡ್ಡು ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಇಷ್ಟು ಹೇಳಿಕೊಟ್ಟರೂ ಪುಣ್ಯದ ಕೆಲಸ.

ಮತ್ತೆ, ಸದ್ಯಕ್ಕೆ ರಿಜಿಸ್ಟರ್ ಮಾಡಿಸಲು ಹೋಗಬೇಡಿ. ಅಧ್ಯಕ್ಷ, ಕಾರ್ಯದರ್ಶಿ ಅಂತ ಆದ ದಿನವೇ ಎರಡು ಪಾರ್ಟಿ ಆಗುತ್ತದೆ. ನಾನು ನೋಡಿದ್ದೇನೆ.

ಬೆಂಗಳೂರಿನ ಪ್ರಶ್ನೆಗೆ ಬರುತ್ತೇನೆ. ಮಗ ಕರೆಯುವುದು ಪ್ರೀತಿಯಿಂದ. ಹೋಗುವುದೂ ತಪ್ಪಲ್ಲ. ಆದರೆ ಕೂಟಕ್ಕೆ ಜನ ಬರಲಿಲ್ಲ ಅಂತ ಸಿಟ್ಟಿನಲ್ಲಿ ಹೋದರೆ ಅಲ್ಲಿ ಅಪಾರ್ಟ್‌ಮೆಂಟಿನ ಹಿರಿಯರಿಗೂ ಸೌರವ್ಯೂಹ ಹೇಳುತ್ತೀರಿ, ಅವರೂ ಎದ್ದು ಹೋಗುತ್ತಾರೆ. ಇನ್ನೊಂದು ಮುಖ್ಯ ಮಾತು. ಅಷ್ಟು ಬರೆದಿದ್ದೀರಿ, ಆದರೆ ಊರು ಬಿಡುವ ಬಗ್ಗೆ ನಿಮ್ಮ ಹೆಂಡತಿ ಏನಂದರು ಅಂತ ಒಂದು ಸಾಲೂ ಇಲ್ಲ. ಆ ಊರಿನಲ್ಲಿ ಗುರುವಾರಗಳನ್ನು ಕಟ್ಟಿಕೊಂಡವರು ಅವರು. ನಿಮ್ಮ ಬುಧವಾರ ಸೋತಿತು ಅಂತ ಅವರ ಗುರುವಾರವನ್ನೂ ಕಿತ್ತುಕೊಂಡು ಹೋಗುತ್ತೀರಾ? ಮೊದಲು ಅವರನ್ನು ಕೇಳಿ. ದೀಪಾವಳಿವರೆಗೆ ತಡೆಯಿರಿ ಅಂತ ಮಗನಿಗೆ ಹೇಳಿ.

ಕೊನೆಗೆ ನನ್ನದೊಂದು ಸ್ವಾರ್ಥ. ಆ ಹಿರಿಯರು ಹೇಳಿದ ಊರುಗಳ ಹೆಸರು ಬರೆದಾದ ಮೇಲೆ ನನಗೊಂದು ಪ್ರತಿ ಕಳಿಸಿ. ನಮ್ಮ ಅಜ್ಜಿಯ ತವರು ಮುಳುಗಡೆಯಲ್ಲಿ ಹೋಯಿತು. "ನಮ್ಮನೆ ಹಿಂದೆ ಒಂದು ಸುರಗಿ ಮರ ಇತ್ತು" ಅನ್ನುತ್ತಿದ್ದರು, ಪ್ರತಿ ಸಲವೂ ಅಲ್ಲಿಂದಲೇ ಶುರು. ನಾವು ಮೊಮ್ಮಕ್ಕಳು, "ಸುರಗಿ ಮರ ಬಂತು" ಅಂತ ನಗುತ್ತಾ ಎದ್ದು ಓಡುತ್ತಿದ್ದೆವು. ಊರಿನ ಹೆಸರು ಕೇಳಬೇಕು ಅಂತ ನನಗೆ ಅನ್ನಿಸಿದಾಗ ಅಜ್ಜಿ ಇರಲಿಲ್ಲ. ನಿಮ್ಮ ಹಿರಿಯರಿಗೆ ಆ ಮರ ಗೊತ್ತಿದೆಯೋ ಏನೋ, ಒಮ್ಮೆ ಕೇಳಿ ನೋಡಿ.