ತಾಯಿಯವರ ಪೆಡೋಮೀಟರ್ ಹೆಜ್ಜೆಗಳನ್ನು ಕಡಿಮೆ ತೋರಿಸುವುದೇಕೆ

ನಮಸ್ಕಾರ ಸರ್. ಅರವತ್ತೆಂಟು ವರ್ಷದ ನಿಮ್ಮ ತಾಯಿಯವರೂ ನೀವೂ ಸಂಜೆ ಕೆರೆ ಏರಿಯ ಮೇಲೆ ಜೊತೆಯಾಗಿಯೇ ನಡೆದು ಬಂದರೂ ನಿಮ್ಮ ಜೇಬಿನ ಮೊಬೈಲು 3,100 ಹೆಜ್ಜೆ, ಅವರ ಸೊಂಟದ ಪೆಡೋಮೀಟರ್ 1,900 ಹೆಜ್ಜೆ ತೋರಿಸುತ್ತಿದೆ, ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ಅವರ ಹೆಜ್ಜೆ ನಿಮ್ಮದಕ್ಕಿಂತ ಗಿಡ್ಡವಾದ್ದರಿಂದ ಅಷ್ಟೇ ದೂರಕ್ಕೆ ಅವರು ನಿಮಗಿಂತ ಹೆಚ್ಚು ಹೆಜ್ಜೆ ಹಾಕಿರಲೇಬೇಕು. ಆದುದರಿಂದ 1,900 ತಪ್ಪು ಲೆಕ್ಕ. ಅದನ್ನು ನೋಡಿ ಇನ್ನಷ್ಟು ನಡೆಯಿರಿ ಎಂದು ದಯವಿಟ್ಟು ಅವರನ್ನು ಒತ್ತಾಯಿಸಬೇಡಿ.

ಯಂತ್ರವನ್ನು ಕಿವಿಯ ಬಳಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಟಿಕ್ ಟಿಕ್ ಎಂದು ಸದ್ದು ಬಂದರೆ ಅದು ಸ್ಪ್ರಿಂಗಿನ ಬಗೆಯದು; ಸೊಂಟ ಮೇಲೆದ್ದು ಇಳಿದಾಗ ಒಳಗಿನ ಸಣ್ಣ ಕಡ್ಡಿಯೂ ಏರಿಳಿದು ಒಂದು ಹೆಜ್ಜೆಯನ್ನು ಲೆಕ್ಕಕ್ಕೆ ಸೇರಿಸುತ್ತದೆ. ಗಂಟೆಗೆ ಮೂರು ಕಿ.ಮೀ.ಗಿಂತ ನಿಧಾನವಾಗಿ, ಪಾದ ಎಳೆದಂತೆ ನಡೆಯುವವರ ಸೊಂಟದಲ್ಲಿ ಅಷ್ಟು ಏರಿಳಿತವೇ ಇರುವುದಿಲ್ಲವಾದ್ದರಿಂದ ಇಂತಹ ಯಂತ್ರ ಅನೇಕ ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ. ಅದು ನೆಟ್ಟಗೆ ನಿಂತಿರುವುದೂ ಅಷ್ಟೇ ಮುಖ್ಯ. ಹೊಟ್ಟೆಯ ಉಬ್ಬಿನ ಮೇಲೆ ಓರೆಯಾಗಿ ಕೂತರೆ ಲೆಕ್ಕ ಇನ್ನಷ್ಟು ಕೆಡುತ್ತದೆ.

ಸೀರೆ ಉಡುವವರಿಗೆ ತೊಂದರೆ ಇಲ್ಲಿಯೇ. ನನ್ನ ತಾಯಿ ಮೊದಲು ಅದನ್ನು ನೆರಿಗೆ ಸಿಕ್ಕಿಸುವಲ್ಲಿ ಹಾಕಿಕೊಳ್ಳುತ್ತಿದ್ದರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನೆರಿಗೆಯ ದಪ್ಪಕ್ಕೆ ಅದು ಮುಂದಕ್ಕೆ ಬಾಗುತ್ತಿತ್ತು. ಶಾಲೆಯ ಮೈದಾನದಲ್ಲಿ ಅವರನ್ನು ನಡೆಸಿ ನಾನೇ ಪಕ್ಕದಲ್ಲಿ ಬಾಯಲ್ಲಿ ಎಣಿಸಿದೆ, ಹತ್ತು ಹೆಜ್ಜೆಗೊಮ್ಮೆ ಒಂದು ಹುಣಸೆ ಬೀಜವನ್ನು ಎಡಗೈಯಿಂದ ಬಲಗೈಗೆ ಹಾಕಿಕೊಳ್ಳುತ್ತಾ. ನೂರು ಹೆಜ್ಜೆಗೆ ಯಂತ್ರ ತೋರಿಸಿದ್ದು 71. ಅದನ್ನು ಪಕ್ಕಕ್ಕೆ ಸರಿಸಿ, ಮಂಡಿಯ ನೇರಕ್ಕೆ ಲಂಗದ ಲಾಡಿಗೇ ಬಿಗಿಯಾಗಿ ಸಿಕ್ಕಿಸಿದಾಗ 88 ಬಂತು. ಸದ್ದಿಲ್ಲದ ಎಲೆಕ್ಟ್ರಾನಿಕ್ ಬಗೆಯ ಇನ್ನೊಂದು ಯಂತ್ರವನ್ನು ಅದೇ ಜಾಗದಲ್ಲಿ ಇಟ್ಟಾಗ 98.

ನೀವೂ ಈ ಪರೀಕ್ಷೆಯನ್ನು ಅವರ ಎಂದಿನ ನಡಿಗೆಯ ವೇಗದಲ್ಲೇ, ಎರಡು ಮೂರು ಬಾರಿ ಮಾಡಿ. ಜಪಾನಿನ ಕೈಗಾರಿಕಾ ಮಾನದಂಡ ಒಪ್ಪುವುದು ನೂರಕ್ಕೆ ಮೂರು ಹೆಜ್ಜೆಯ ವ್ಯತ್ಯಾಸವನ್ನು. ಮನೆಬಳಕೆಗೆ ಐದಾದರೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಕಡಿಮೆ ಬಂದರೆ ಬಂದ ಅಂಕಿಯನ್ನು ಗುಣಿಸಿ ಸರಿಪಡಿಸಲು ಹೋಗಬೇಡಿ, ಏಕೆಂದರೆ ಮಂಡಿನೋವಿನ ದಿನ ನಡಿಗೆ ನಿಧಾನವಾದರೆ ತಪ್ಪಿನ ಪ್ರಮಾಣವೂ ಬದಲಾಗುತ್ತದೆ. ಯಂತ್ರವನ್ನೇ ಬದಲಿಸುವುದು ಒಳ್ಳೆಯದು.

ದೂರದ ಲೆಕ್ಕ ಬೇಕಿದ್ದರೆ ಅವರದೇ ಹೆಜ್ಜೆಯ ಉದ್ದವನ್ನು ಯಂತ್ರಕ್ಕೆ ಕೊಡಬೇಕು. ಐವತ್ತು ಹೆಜ್ಜೆ ನಡೆಸಿ, ಟೇಪು ಹಿಡಿದು ಅಳೆದು, ಐವತ್ತರಿಂದ ಭಾಗಿಸಿ. ನನ್ನ ತಾಯಿಯದು 24 ಮೀಟರ್ ಬಂತು, ಅಂದರೆ ಹೆಜ್ಜೆಗೆ 48 ಸೆಂ.ಮೀ. ನಿಮ್ಮ ಮೊಬೈಲಿನ 3,100 ಸರಿಯಿದ್ದು, ನಿಮ್ಮ ಹೆಜ್ಜೆ 65 ಸೆಂ.ಮೀ. ಎಂದಿಟ್ಟುಕೊಂಡರೆ ಆ ದಾರಿ ಸುಮಾರು ಎರಡು ಕಿ.ಮೀ. ಆಗುತ್ತದೆ, 48 ಸೆಂ.ಮೀ. ಹೆಜ್ಜೆಯವರಿಗೆ ಅದೇ ದಾರಿ 4,200 ಹೆಜ್ಜೆ!

ಬೈಕಿನಲ್ಲಿ, ಆಟೋದಲ್ಲಿ ಹೋಗುವಾಗ ಮಾತ್ರ ಯಂತ್ರವನ್ನು ತೆಗೆದಿಡಿ, ರಸ್ತೆಯ ಕುಲುಕಾಟವೂ ಹೆಜ್ಜೆಯಾಗಿ ಸೇರಿಕೊಳ್ಳುತ್ತದೆ.

ದಿನಕ್ಕೆ ಹತ್ತು ಸಾವಿರ ಆಗಲೇಬೇಕೇ ಎಂದೂ ಕೇಳಿದ್ದೀರಿ. ಆ ಸಂಖ್ಯೆ ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾಂಪೊ-ಕೇ’ ಎಂಬ ಪೆಡೋಮೀಟರಿನಿಂದ. ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಸರಾಸರಿ 72 ವರ್ಷದ ಮಹಿಳೆಯರ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಸಂಜೆಯ ನಡಿಗೆಯ ಜೊತೆಗೆ ಮನೆಗೆಲಸದ ಓಡಾಟವನ್ನೂ ಸೇರಿಸಿದರೆ ನಿಮ್ಮ ತಾಯಿಯವರು ಆಗಲೇ 4,400 ದಾಟಿರಬಹುದು.

ನೂರು ಹೆಜ್ಜೆಯ ಪರೀಕ್ಷೆಯಲ್ಲಿ ಎಷ್ಟು ಬಂತು, ಯಂತ್ರ ಸದ್ದು ಮಾಡುತ್ತದೆಯೇ ಇಲ್ಲವೇ ಎಂಬುದನ್ನು ಇಲ್ಲಿಯೇ ಬರೆಯಿರಿ. ನೋಡಿ ಮುಂದಿನದನ್ನು ತಿಳಿಸುತ್ತೇನೆ.