ಮನೇಲಿ ಗುಡುಗುವ ಬೇಸ್ ವೇದಿಕೆ ಹತ್ತಿದ ಮೇಲೆ ಎಲ್ಲಿ ಹೋಗುತ್ತೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಈ ಸಲ ಬೇಸ್ ಗಿಟಾರ್

ಪ್ರಶ್ನೆ: ಬೇಸ್ ಕಲಿಯಬೇಕು ಅಂತ ತುಂಬಾ ಆಸೆ. ಆದರೆ ನನ್ನ ಕೈ ಚಿಕ್ಕದು. ಅಂಗಡಿಯಲ್ಲಿ ಒಂದನ್ನು ಹಿಡಿದು ನೋಡಿದೆ, ಮೊದಲ ನಾಲ್ಕು ಫ್ರೆಟ್‌ಗೆ ನಾಲ್ಕು ಬೆರಳು ಚಾಚೋಕೆ ಆಗಲೇ ಇಲ್ಲ. ಇದು ನನ್ನ ಕೈಲಾಗದ ಕೆಲಸವಾ? ಸ್ನೇಹಿತನೊಬ್ಬ ಬೇರೆ, ‘ತಗೊಳ್ಳೋದಾದ್ರೆ ಐದು ತಂತಿಯದ್ದೇ ತಗೋ’ ಅಂತಿದ್ದಾನೆ.

ಉತ್ತರ: ನಾಲ್ಕು ಫ್ರೆಟ್‌ಗೆ (ನೆಕ್, ಅಂದರೆ ಬೇಸ್‌ನ ಉದ್ದನೆ ಕತ್ತಿನ ಮೇಲಿರುವ ಲೋಹದ ಅಡ್ಡಪಟ್ಟಿಗಳಿಗೆ) ನಾಲ್ಕು ಬೆರಳು ಇಡಲೇಬೇಕು ಅಂತ ಯಾರು ಹೇಳಿದರು? ನಿಂತು ನುಡಿಸುವ ದೊಡ್ಡ ಡಬಲ್ ಬೇಸ್‌ನವರು ಕೆಳಸ್ವರಗಳ ಕಡೆ ತೋರುಬೆರಳು, ನಡುಬೆರಳು, ಕಿರುಬೆರಳು, ಈ ಮೂರನ್ನೇ ನೆಚ್ಚಿಕೊಳ್ಳುತ್ತಾರೆ. ಉಂಗುರಬೆರಳು ಕಿರುಬೆರಳಿನ ಬೆನ್ನಿಗೆ ನಿಂತು ಬಲ ಕೊಡುತ್ತದೆ, ಅಷ್ಟೇ. ನೀವೂ ಹಾಗೇ ಮಾಡಿ. ಒಂದು ಹಿಡಿತಕ್ಕೆ ಮೂರು ಫ್ರೆಟ್ ಸಾಕು, ನಾಲ್ಕನೆಯದು ಬೇಕಾದಾಗ ಇಡೀ ಕೈಯನ್ನೇ ಜಾರಿಸಿ. ಮೇಲೆ, ಅಂದರೆ ಬಾಡಿಯ ಕಡೆಗೆ, ಹೋದ ಹಾಗೆ ಫ್ರೆಟ್‌ಗಳು ಹತ್ತಿರ ಹತ್ತಿರ ಆಗುತ್ತವೆ, ಅಲ್ಲಿ ನಾಲ್ಕೂ ಬೆರಳು ತಾನಾಗಿ ಕೂರುತ್ತವೆ. ಹೆಬ್ಬೆರಳು ನೆಕ್‌ನ ಮೇಲಿಂದ ಇಣುಕುವುದು ಬೇಡ, ಹಿಂದೆ ನಡುಬೆರಳಿನ ನೇರಕ್ಕೆ ಇರಲಿ.

ಇನ್ನು ಅಳತೆ. ನೀವು ಹಿಡಿದದ್ದು 34 ಇಂಚಿನ ಸ್ಕೇಲ್ ಇರಬೇಕು. ಅಂದರೆ ತಲೆಯ ಬುಡದಲ್ಲಿ ತಂತಿ ಒರಗುವ ನಟ್‌ನಿಂದ ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು. 1951ರಲ್ಲಿ ಫೆಂಡರ್ ಕಂಪನಿಯ ಪ್ರಿಸಿಶನ್ ಬೇಸ್ ಈ ಅಳತೆಯಲ್ಲಿ ಬಂತು, ಇವತ್ತಿಗೂ ಹೆಚ್ಚಿನವು ಅದನ್ನೇ ಪಾಲಿಸುತ್ತವೆ. 30 ಇಂಚಿನ ಶಾರ್ಟ್ ಸ್ಕೇಲ್ ಕೂಡ ಸಿಗುತ್ತದೆ. ಒಂದನೇ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ದೊಡ್ಡದರಲ್ಲಿ ಸುಮಾರು 130 ಮಿ.ಮೀ., ಚಿಕ್ಕದರಲ್ಲಿ 114. ಒಂದೂವರೆ ಸೆಂಟಿಮೀಟರ್ ಅಂದರೆ ಕಿರುಬೆರಳಿಗೆ ಅದು ದೊಡ್ಡ ಉಪಕಾರ. ಶಾರ್ಟ್ ಸ್ಕೇಲ್ ಅಂದರೆ ಮಕ್ಕಳ ಆಟಿಕೆ ಅನ್ನುವ ಮಾತಿಗೆ ಕಿವಿಗೊಡಬೇಡಿ. ದನಿ ಸ್ವಲ್ಪ ದುಂಡಗೆ, ಮೆತ್ತಗೆ ಬರುತ್ತದೆ. ಕೆಲವರಿಗೆ ಅದೇ ಇಷ್ಟ.

ಐದು ತಂತಿ ಈಗ ಬೇಡ. ನೆಕ್ ಅಗಲ ಜಾಸ್ತಿ. ಸುಮ್ಮನಿರಿಸಬೇಕಾದ ತಂತಿಯೂ ಒಂದು ಜಾಸ್ತಿ.

ಪ್ರಶ್ನೆ: ನಾಳೆ ಒಂದು ಸೆಕೆಂಡ್ ಹ್ಯಾಂಡ್ ಬೇಸ್ ನೋಡೋಕೆ ಹೋಗ್ತಿದ್ದೀನಿ. ಏನೇನು ನೋಡಬೇಕು?

ಉತ್ತರ: ಬಣ್ಣ ಎದ್ದಿರುವುದು, ಮೂಲೆ ಜಜ್ಜಿರುವುದು ಇವನ್ನೆಲ್ಲ ಮರೆತುಬಿಡಿ. ಮೊದಲು ನೆಕ್. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ, ಗುರಿ ಇಡುವ ಹಾಗೆ ಉದ್ದಕ್ಕೂ ನೋಡಿ. ಸ್ವಲ್ಪ ಬಿಲ್ಲಿನಂತೆ ಬಾಗಿದ್ದರೆ ಸರಿಮಾಡಬಹುದು. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಟ್ರಸ್ ರಾಡ್, ಅಂದರೆ ನೆಕ್‌ನ ಒಳಗಿರುವ ಉಕ್ಕಿನ ಸರಳು, ತಿರುಗುತ್ತದಾ ಅಂತ ಮಾರುವವರ ಎದುರಿಗೇ ಸ್ವಲ್ಪ ತಿರುಗಿಸಿ ನೋಡಿ. ಅದು ಹಿಡಿದುಕೊಂಡು ಕೂತಿದ್ದರೆ ಆ ಬೇಸ್ ಎಷ್ಟು ಅಗ್ಗವಾದರೂ ದುಬಾರಿಯೇ.

ಆಮೇಲೆ ಎಲ್ಲ ತಂತಿಯ ಎಲ್ಲ ಫ್ರೆಟ್ ಒಂದೊಂದಾಗಿ ನುಡಿಸಿ. ನಾಚಿಕೆ ಬೇಡ, ಐದು ನಿಮಿಷದ ಕೆಲಸ. ಜಿ ತಂತಿಯ (ಎಲ್ಲಕ್ಕಿಂತ ತೆಳ್ಳನೆಯದು) 5ರಿಂದ 7ನೇ ಫ್ರೆಟ್ ಹತ್ತಿರ ಕಿವಿ ಚುರುಕಾಗಿರಲಿ. ಬೋಲ್ಟ್ ಹಾಕಿದ ನೆಕ್‌ಗಳಲ್ಲಿ ಅಲ್ಲಿ ಕೆಲವು ಸಲ ಸ್ವರ ಬೇಗ ಸತ್ತುಹೋಗುತ್ತದೆ. ಇದು ಮರದ ಗುಣ, ಯಾವ ಸ್ಕ್ರೂ ತಿರುಗಿಸಿದರೂ ಪೂರ್ತಿ ಹೋಗುವುದಿಲ್ಲ. ವಾಲ್ಯೂಮ್ ನಾಬ್ ಕರಕರ ಅಂದರೆ ಮಾತ್ರ ಹೆದರಬೇಡಿ. ಹೆಚ್ಚಾಗಿ ಅದು ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸರಿಹೋಗುತ್ತದೆ. ಕೊನೆಗೆ ಸ್ಟ್ರಾಪ್ ಹಾಕಿ ಎದ್ದು ನಿಂತು ಎರಡೂ ಕೈ ಬಿಡಿ. ತಲೆಯ ಕಡೆ ಧೊಪ್ ಅಂತ ಕೆಳಗೆ ವಾಲಿದರೆ, ನುಡಿಸುವಷ್ಟು ಹೊತ್ತೂ ನಿಮ್ಮ ಎಡಗೈ ಅದನ್ನು ಹೊತ್ತುಕೊಂಡೇ ಇರಬೇಕಾಗುತ್ತದೆ.

ಪ್ರಶ್ನೆ: ತಂತಿ ಬಜ್ ಆಗುತ್ತಿತ್ತು. ವಿಡಿಯೋ ನೋಡಿ ಟ್ರಸ್ ರಾಡ್ ತಿರುಗಿಸಿದೆ. ಆಮೇಲೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಎತ್ತಿದೆ, ಮತ್ತೆ ಇಳಿಸಿದೆ. ಈಗ ಮೊದಲಿಗಿಂತ ಕೆಟ್ಟುಹೋಗಿದೆ. ಎಲ್ಲಿಂದ ಶುರು ಮಾಡಿದೆ ಅನ್ನೋದೇ ಮರೆತುಹೋಗಿದೆ. ಏನು ಮಾಡಲಿ?

ಉತ್ತರ: ನನ್ನ ರಿಪೇರಿ ಮೇಜಿಗೆ ಬರುವ ಬೇಸ್‌ಗಳಲ್ಲಿ ಮುರಿದವು ಕಮ್ಮಿ. ನಿಮ್ಮದರ ಥರ ಒಂದೇ ಸಂಜೆ ಎಲ್ಲ ಸ್ಕ್ರೂ ತಿರುಗಿಸಿಕೊಂಡವೇ ಜಾಸ್ತಿ. ಗಾಬರಿ ಬೇಡ, ಮೊದಲಿಂದ ಬರೋಣ. ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ: ಆ ಬಜ್, ಅಂದರೆ ತಂತಿ ಫ್ರೆಟ್‌ಗೆ ತಾಗಿ ಬರುವ ಸದ್ದು, ಆಂಪ್‌ನಲ್ಲಿ (ಆಂಪ್ಲಿಫೈಯರ್) ಕೇಳುತ್ತಾ? ಗಿಟಾರ್ ಎದೆಗೆ ಒತ್ತಿಕೊಂಡು ಮೌನ ಕೋಣೆಯಲ್ಲಿ ನುಡಿಸಿದರೆ ಪ್ರತಿಯೊಂದು ಬೇಸೂ ಝರ್ ಅನ್ನುತ್ತದೆ. ಆಂಪ್‌ಗೆ ಹಾಕಿ, ಹತ್ತು ಹೆಜ್ಜೆ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ ಕೇಳಿ. ಅವರಿಗೆ ಕೇಳದ ಬಜ್‌ಗಾಗಿ ತಂತಿ ಎತ್ತಿ ಬೆರಳು ನೋಯಿಸಿಕೊಳ್ಳಬೇಡಿ.

ಅವರಿಗೂ ಕೇಳುತ್ತದೆ ಅಂದರೆ ಮುಂದಿನ ಕೆಲಸ. ತಂತಿ ತೀರಾ ಹಳೆಯದಾಗಿದ್ದರೆ ಬದಲಿಸಿ, ಸರಿಯಾಗಿ ಟ್ಯೂನ್ ಮಾಡಿ. ಮೊದಲ ಫ್ರೆಟ್ ಮೇಲೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಬಲಗೈಯಿಂದ ಇ ತಂತಿಯನ್ನು (ಎಲ್ಲಕ್ಕಿಂತ ದಪ್ಪನೆಯದು) ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ಅಳತೆಪಟ್ಟಿ. ಏಳು ಎಂಟನೇ ಫ್ರೆಟ್ ಹತ್ತಿರ ಬಗ್ಗಿ ನೋಡಿ, ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಮೆಲ್ಲಗೆ ನುಸುಳಬೇಕು. ಹೆಚ್ಚುಕಮ್ಮಿ 0.3 ಮಿ.ಮೀ. ತಂತಿ ಅಲುಗದೆ ಕಾರ್ಡ್ ಸಲೀಸಾಗಿ ಆಡುತ್ತಿದ್ದರೆ ನೆಕ್ ಜಾಸ್ತಿ ಬಾಗಿದೆ, ರಾಡ್ ಅನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಮಾಡಿ. ಕಾರ್ಡ್ ತೂರಲೇ ಇಲ್ಲ ಅಂದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ಅದಕ್ಕಿಂತ ಕಮ್ಮಿ ಆದರೆ ಇನ್ನೂ ಒಳ್ಳೆಯದು. ಮತ್ತೆ ಟ್ಯೂನ್ ಮಾಡಿ ಮತ್ತೆ ಅಳೆಯಿರಿ. ಮರ ಒಮ್ಮೆಲೇ ಮಾತು ಕೇಳುವುದಿಲ್ಲ, ಒಂದು ರಾತ್ರಿ ಬಿಟ್ಟರೆ ಇನ್ನಷ್ಟು ಸರಿಯುತ್ತದೆ. ತಿರುಗಿಸುವಾಗ ಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ ತಿಳಿದವರ ಹತ್ತಿರ ಒಯ್ಯಿರಿ. ರಾಡ್ ತುಂಡಾದರೆ ನೆಕ್ಕೇ ಹೋಯಿತು ಅಂದುಕೊಳ್ಳಿ.

ಇದಾದ ಮೇಲೆ ಸ್ಯಾಡಲ್‌ನಿಂದ ತಂತಿಯ ಎತ್ತರ. ಕೇಪೋ ತೆಗೆಯಿರಿ. 17ನೇ ಫ್ರೆಟ್ ಹತ್ತಿರ ಇ ತಂತಿಯ ಕೆಳಗೆ 2.4 ಮಿ.ಮೀ., ಜಿ ತಂತಿಯ ಕೆಳಗೆ 2 ಮಿ.ಮೀ. ಇಟ್ಟುಕೊಂಡು ಶುರು ಮಾಡಿ. ಜೋರಾಗಿ ಮೀಟುವವರು ಇನ್ನೂ ಸ್ವಲ್ಪ ಎತ್ತಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಬಜ್ ಎಲ್ಲಿ ಬರುತ್ತದೆ ಅನ್ನುವುದೇ ಅರ್ಧ ಉತ್ತರ. ಮೊದಲ ನಾಲ್ಕೈದು ಫ್ರೆಟ್‌ನಲ್ಲಿ ಬಂದರೆ ನೆಕ್ ತೀರಾ ನೆಟ್ಟಗಿದೆ. ಹನ್ನೆರಡರ ಆಚೆ ಬಂದರೆ ಸ್ಯಾಡಲ್ ತಗ್ಗಾಗಿದೆ. ತಂತಿ ಒತ್ತದೆ ಹಾಗೇ ಮೀಟಿದಾಗ ಮಾತ್ರ ಬಂದರೆ ನಟ್‌ನ ಸೀಳು ಆಳವಾಗಿದೆ. ಯಾವುದೋ ಒಂದೇ ಫ್ರೆಟ್‌ನಲ್ಲಿ ಬಂದರೆ ಪಕ್ಕದ ಫ್ರೆಟ್ ಮೇಲೆದ್ದಿದೆ. ಕೊನೆಯ ಎರಡು ನಿಮ್ಮ ಕೆಲಸವಲ್ಲ, ಅರ ಹಿಡಿದು ಕೂರಬೇಡಿ.

ಕೊನೆಯದು ಇಂಟೊನೇಶನ್, ಅಂದರೆ ನೆಕ್‌ನ ಉದ್ದಕ್ಕೂ ಶ್ರುತಿ ಸರಿಯಿರುವುದು. 12ನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ಮುಟ್ಟಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಟ್ಯೂನರ್‌ನಲ್ಲಿ ಎರಡೂ ಒಂದೇ ಕಡೆ ನಿಲ್ಲಬೇಕು. ಒತ್ತಿದ ಸ್ವರ ಮೇಲೆ ಹೋದರೆ ಸ್ಯಾಡಲ್ ಅನ್ನು ನೆಕ್‌ನಿಂದ ದೂರಕ್ಕೆ ಸರಿಸಿ, ಕೆಳಗಿದ್ದರೆ ನೆಕ್‌ನ ಕಡೆಗೆ. ಒಂದು ಚೀಟಿಯಲ್ಲಿ ಎಲ್ಲ ಅಳತೆ ಬರೆದು ಕೇಸ್‌ನಲ್ಲಿ ಇಡಿ. ಮಳೆಗಾಲ, ಬೇಸಿಗೆ ಬದಲಾದಾಗ ಮರವೂ ಬದಲಾಗುತ್ತದೆ, ಆಗ ಆ ಚೀಟಿ ಬೇಕೇ ಬೇಕು.

ಪ್ರಶ್ನೆ: ತಂತಿಗಳನ್ನು ಎಷ್ಟು ತಿಂಗಳಿಗೊಮ್ಮೆ ಬದಲಿಸಬೇಕು?

ಉತ್ತರ: ಅಮೆರಿಕದ ಮೋಟೌನ್ ಕಂಪನಿಯ ರೆಕಾರ್ಡ್‌ಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಅವರದು ಫ್ಲಾಟ್‌ವೌಂಡ್, ನುಣ್ಣನೆ ಮೈಯ ತಂತಿ. ಹಳೆಯದಾದಷ್ಟೂ ದನಿ ಮಾಗುತ್ತದೆ. ನಿಮಗೆ ಠಣ್ ಅನ್ನುವ ಹೊಳಪು ಬೇಕಾದರೆ ಒರಟು ಮೈಯ ರೌಂಡ್‌ವೌಂಡ್ ಹಾಕಿಕೊಳ್ಳಿ, ಆಗ ಹೊಳಪು ಹೋದಾಗ ಬದಲಿಸಿ. ತಿಂಗಳ ಲೆಕ್ಕ ಬೇಡ. ನುಡಿಸಿದ ಮೇಲೆ ಬಟ್ಟೆಯಿಂದ ಒರೆಸಿದರೆ ಎರಡೂ ಜಾಸ್ತಿ ದಿನ ಬಾಳುತ್ತವೆ. ಒಂದು ಎಚ್ಚರ: ದಪ್ಪ ತಂತಿ ಕತ್ತರಿಸುವ ಮುಂಚೆ ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಒಳಗೆ ಅದನ್ನು ಚೂಪಾಗಿ ಬಗ್ಗಿಸಿ. ಇಲ್ಲದಿದ್ದರೆ ಒಳಗಿನ ತಿರುಳಿನ ಮೇಲಿಂದ ಸುತ್ತು ಜಾರಿ ಹೊಸ ತಂತಿ ಮೊದಲ ದಿನವೇ ಮಂಕಾಗಬಹುದು.

ಪ್ರಶ್ನೆ: ಮನೇಲಿ ನುಡಿಸಿದರೆ ಗೋಡೆ ನಡುಗುತ್ತೆ. ಬ್ಯಾಂಡ್ ಜೊತೆ ನಿಂತರೆ ನನ್ನ ಬೇಸ್ ನನಗೇ ಕೇಳಲ್ಲ. ವಾಲ್ಯೂಮ್ ಏರಿಸಿದರೆ ಬರೀ ಗುಂಯ್ ಅನ್ನುತ್ತೆ, ಸ್ವರ ಗೊತ್ತಾಗಲ್ಲ. ದೊಡ್ಡ ಆಂಪ್ ತಗೋಬೇಕಾ?

ಉತ್ತರ: ಬೇಡ. ನಿಮ್ಮ ಆಂಪ್‌ನಲ್ಲಿ ಬೇಸ್ ನಾಬ್ ಬಲಕ್ಕೆ, ಟ್ರೆಬಲ್ ನಾಬ್ ಬಲಕ್ಕೆ, ಮಿಡ್ ನಾಬ್ ಎಡಕ್ಕೆ ಇದೆ. ಸರಿ ತಾನೇ? ಒಬ್ಬರೇ ನುಡಿಸುವಾಗ ಈ ದನಿ ಬಲು ಚಂದ. ಬ್ಯಾಂಡ್‌ನಲ್ಲಿ ಮಾತ್ರ ಕೆಳಗಿನ ಜಾಗದಲ್ಲಿ ಕಿಕ್ ಡ್ರಮ್ (ಕಾಲಿಂದ ಬಾರಿಸುವ ದೊಡ್ಡ ಡ್ರಮ್) ಕೂತಿರುತ್ತದೆ, ಮೇಲಿನ ಜಾಗ ಸಿಂಬಲ್‌ದು. ಮಧ್ಯದ ಜಾಗವನ್ನು ನೀವೇ ಕೈಯಾರೆ ಗಿಟಾರ್‌ನವರಿಗೆ ಬಿಟ್ಟುಕೊಟ್ಟಿದ್ದೀರಿ.

ಇ ತಂತಿಯ ಮೂಲಸ್ವರ 41 ಹರ್ಟ್ಸ್. ಅದನ್ನು ಚೆನ್ನಾಗಿ ಎತ್ತಿಕೊಡುವ ಸ್ಪೀಕರ್‌ಗಳೇ ಕಮ್ಮಿ. ಆದರೂ ಮೊಬೈಲ್‌ನ ಪುಟ್ಟ ಸ್ಪೀಕರ್‌ನಲ್ಲಿ ಬೇಸ್ ಯಾವ ಸ್ವರ ನುಡಿಸುತ್ತಿದೆ ಅಂತ ನಮಗೆ ತಿಳಿಯುತ್ತದೆ, ಅಲ್ವಾ? 82, 123, ಹೀಗೆ ಮೇಲೆ ಮೇಲೆ ಏಳುವ ಉಪಸ್ವರಗಳನ್ನು ಕೇಳಿಸಿಕೊಂಡು ತಳದ ಸ್ವರವನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಆ ಉಪಸ್ವರಗಳೇ ನಿಮ್ಮ ಗುರುತಿನ ಚೀಟಿ. ಹಾಗಾಗಿ ಬೇಸ್ ನಾಬ್ ಸ್ವಲ್ಪ ಇಳಿಸಿ, 200ರಿಂದ 800 ಹರ್ಟ್ಸ್ ನಡುವಿನ ಮಿಡ್ ಏರಿಸಿ. ಮನೆಯಲ್ಲಿ ಕೇಳಿದರೆ ಮೂಗಿನಲ್ಲಿ ಹಾಡಿದ ಹಾಗಿರುತ್ತದೆ. ಇರಲಿ, ಮನೆಯಲ್ಲಿ ಕೇಳುವವರು ಯಾರೂ ಇಲ್ಲ.

ಆಂಪ್ ನೆಲದ ಮೇಲಿದ್ದರೆ ದನಿ ನಿಮ್ಮ ಮೊಣಕಾಲಿಗೆ ಹೊಡೆದು ಮುಂದೆ ಹೋಗುತ್ತದೆ, ಕಿವಿಗೆ ಬರುವುದಿಲ್ಲ. ಎತ್ತರಕ್ಕೆ ಇಡಿ, ಇಲ್ಲವೇ ಹಿಂದಕ್ಕೆ ವಾಲಿಸಿ. ಮೂಲೆಯಿಂದ ಈಚೆ ಎಳೆಯಿರಿ, ಗುಂಯ್ ಅರ್ಧ ಅಲ್ಲೇ ಕಮ್ಮಿಯಾಗುತ್ತದೆ. 41 ಹರ್ಟ್ಸ್‌ನ ಒಂದು ಅಲೆಯ ಉದ್ದವೇ ಎಂಟು ಮೀಟರ್‌ಗಿಂತ ಜಾಸ್ತಿ. ಒಂದೇ ಹಾಲ್‌ನಲ್ಲಿ ಒಂದು ಕಡೆ ಬೇಸ್ ಉಕ್ಕಿ, ಇನ್ನೊಂದು ಕಡೆ ಮಾಯವಾಗುವುದು ಇದಕ್ಕೇ. ಸೌಂಡ್‌ಚೆಕ್‌ನಲ್ಲಿ ಉದ್ದನೆ ಕೇಬಲ್ ಹಾಕಿಕೊಂಡು ವೇದಿಕೆ ಇಳಿದು ಹಾಲ್‌ನ ನಡುವೆ ನಡೆದುಹೋಗಿ ನುಡಿಸಿ. ನೀವು ವೇದಿಕೆ ಮೇಲೆ ಕೇಳುತ್ತಿದ್ದದ್ದೇ ಬೇರೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇಷ್ಟಾದರೂ ಮಸುಕಾಗಿದ್ದರೆ ತಪ್ಪು ಕೈಯಲ್ಲಿದೆ. ಎ ತಂತಿ ನುಡಿಸುವಾಗ ಇ ತಂತಿ ತಾನೂ ದನಿಗೂಡಿಸುತ್ತಿರುತ್ತದೆ. ಬಲಗೈ ಹೆಬ್ಬೆರಳನ್ನು ಅದರ ಮೇಲೆ ಒರಗಿಸಿ. ಡಿ, ಜಿ ತಂತಿಗೆ ದಾಟುವಾಗ ಹೆಬ್ಬೆರಳೂ ಒಂದೊಂದು ತಂತಿ ಕೆಳಗೆ ಜಾರಲಿ, ಮೇಲಿನವೆಲ್ಲ ಸುಮ್ಮನಿರುತ್ತವೆ.

ಪ್ರಶ್ನೆ: ನಮ್ಮ ಹತ್ತಿರ ಗಿಟಾರ್ ಆಂಪ್ ಒಂದೇ ಇದೆ. ಬೇಸ್ ಹಾಕಬಹುದಾ?

ಉತ್ತರ: ಮೆಲ್ಲಗೆ ಅಭ್ಯಾಸಕ್ಕೆ ಆಗಬಹುದು. ಡ್ರಮ್ ಜೊತೆ ಪೈಪೋಟಿಗೆ ಇಳಿದರೆ ಅದರ ಸ್ಪೀಕರ್ ಹರಿಯಬಹುದು. ಕಾರ್ಯಕ್ರಮಕ್ಕೆ ಅದರ ಬದಲು ಒಂದು ಡಿಐ ಬಾಕ್ಸ್ (ಬೇಸ್‌ನ ಸಿಗ್ನಲ್ ಮಿಕ್ಸರ್‌ಗೆ ಒಗ್ಗುವಂತೆ ಮಾಡುವ ಪುಟ್ಟ ಪೆಟ್ಟಿಗೆ) ಇಟ್ಟುಕೊಂಡು ನೇರವಾಗಿ ಮಿಕ್ಸರ್‌ಗೆ ಕೊಡಿ.

ಪ್ರಶ್ನೆ: ಮುಂದಿನ ತಿಂಗಳು ಮೊದಲ ಕಾರ್ಯಕ್ರಮ. ಈಗಲೇ ಕೈ ನಡುಗುತ್ತಿದೆ. ಏನಾದರೂ ಹೇಳಿ.

ಉತ್ತರ: ನನ್ನ ಮೊದಲ ಕಾರ್ಯಕ್ರಮದ ಕಥೆ ಹೇಳ್ತೀನಿ. ನನ್ನದು ಆ್ಯಕ್ಟಿವ್ ಬೇಸ್, ಒಳಗೊಂದು 9 ವೋಲ್ಟ್ ಬ್ಯಾಟರಿ. ಅಂಥ ಬೇಸ್‌ನಲ್ಲಿ ಕೇಬಲ್ ಚುಚ್ಚಿದ ತಕ್ಷಣ ಬ್ಯಾಟರಿ ಆನ್ ಆಗುತ್ತದೆ, ಕಿತ್ತರೆ ಆಫ್. ಹಿಂದಿನ ರಾತ್ರಿ ಅಭ್ಯಾಸ ಮಾಡಿ ಕೇಬಲ್ ಹಾಗೇ ಬಿಟ್ಟು ಮಲಗಿದ್ದೆ. ಮಾರನೆಯ ದಿನ ಎರಡನೇ ಹಾಡಿಗೆ ದನಿ ಒಡೆದು ಕರ್ರೋ ಅನ್ನತೊಡಗಿತು. ಮೂರನೆಯದಕ್ಕೆ ಪೂರ್ತಿ ಮೌನ. ಮುಂದಿನ ಸಾಲಿನಲ್ಲಿ ಕೂತವರಿಗೆ ಬೇಸ್ ನಿಂತದ್ದು ಗೊತ್ತಾಗಲಿಲ್ಲ, ‘ಯಾಕೋ ಹಾಡು ಬಡವಾಯ್ತು’ ಅಂತ ಮಾತ್ರ ಅನ್ನಿಸಿತಂತೆ.

ಹಾಗಾಗಿ ಹೊಸ ಬ್ಯಾಟರಿ, ಅದರ ಮುಚ್ಚಳಕ್ಕೆ ಬೇಕಾದ ಸ್ಕ್ರೂಡ್ರೈವರ್, ಇನ್ನೊಂದು ಕೇಬಲ್, ಟ್ಯೂನರ್ ಬ್ಯಾಗ್‌ನಲ್ಲಿ ಇರಲಿ. ಕೇಬಲ್ ಅನ್ನು ಸ್ಟ್ರಾಪ್‌ನ ಒಳಗಿಂದ ಒಮ್ಮೆ ತೂರಿಸಿ ಆಮೇಲೆ ಚುಚ್ಚಿ, ಯಾರಾದರೂ ತುಳಿದರೂ ಕಿತ್ತು ಬರುವುದಿಲ್ಲ. ಮನೆಯಲ್ಲಿ ಕೂತು ಕಲಿತದ್ದನ್ನೆಲ್ಲ ಈ ತಿಂಗಳು ನಿಂತು ನುಡಿಸಿ. ಸ್ಟ್ರಾಪ್‌ನ ಉದ್ದ ಕೂತಾಗಿನ ಎತ್ತರಕ್ಕೇ ಇರಲಿ, ಇಲ್ಲದಿದ್ದರೆ ಮಣಿಕಟ್ಟು ಬಗ್ಗಿ ಬೆರಳು ಗುರುತು ಹಿಡಿಯುವುದಿಲ್ಲ.

ವೇದಿಕೆಯಲ್ಲಿ ಡ್ರಮ್ಮರ್‌ನ ಬಲಗಾಲು ಕಾಣುವ ಕಡೆ ನಿಂತುಕೊಳ್ಳಿ. ತಪ್ಪು ಸ್ವರ ಬಂದರೆ ಮುಖ ಕಿವುಚಬೇಡಿ. ಬಹಳ ಸಲ ಅದು ಸರಿಯಾದ ಸ್ವರದಿಂದ ಒಂದು ಫ್ರೆಟ್ ಆಚೆ ಇರುತ್ತದೆ, ಜಾರಿಸಿ ಮುಂದೆ ಹೋಗಿ. ತಾಳ ತಪ್ಪಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಆಗ ಕೈ ನಿಲ್ಲಿಸಿ, ಆ ಬಲಗಾಲು ನೋಡಿ, ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಒಂದೇ ಒಂದು ಸ್ವರ ನುಡಿಸಿ ಒಳಗೆ ಬನ್ನಿ.