ಸಿಸ್ಟರ್ ಜೇಬಿನ ಪುಟ್ಟ ಡೈರಿ

ಆಸ್ಪತ್ರೆ ನಡೆಸುವವರು ನನ್ನ ಬಳಿ ಆಪ್ತಸಲಹೆಗೆ ಬರುವುದು ಈಚೆಗೆ ಜಾಸ್ತಿಯಾಗಿದೆ. ಮೊದಲು ಎಲ್ಲರೂ ನಿದ್ದೆ ಬರಲ್ಲ ಅನ್ನುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಒಳಗಿನದು ಹೊರಬರುತ್ತದೆ: "ಎಷ್ಟು ಮಾಡಿದ್ರೂ ಬೆಲೆ ಇಲ್ಲ ಮೇಡಂ." ಈ ಪ್ರಕರಣದಲ್ಲಿ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆಯೂ ಇದೆ.

ಇವರು ಬೆಂಗಳೂರಿನ ಒಂದು ಆಸ್ಪತ್ರೆಯ ಮ್ಯಾನೇಜರ್. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಗಾಗಿ ಎರಡು ವರ್ಷ ಕೂತು ಪ್ರತಿ ವಿಭಾಗದ ಎಸ್‌ಒಪಿ (ಯಾವ ಕೆಲಸ ಹೇಗೆ ಮಾಡಬೇಕು ಅನ್ನುವ ಲಿಖಿತ ಕ್ರಮ) ಬರೆಸಿದ್ದರು. ಎಲ್ಲವೂ ಸರ್ವರ್‌ನಲ್ಲಿದೆ. ನಾಲೆಜ್ ಮ್ಯಾನೇಜ್‌ಮೆಂಟ್ (ಸಂಸ್ಥೆಯವರಿಗೆ ತಿಳಿದದ್ದನ್ನು ಉಳಿಸಿ ಹಂಚುವುದು) ಅಂದರೆ ಅವರಿಗೆ ಅದೇ. ನಾನು ಕಂಡ ಬಹಳಷ್ಟು ಮ್ಯಾನೇಜರ್‌ಗಳಿಗೂ ಅದೇ. ಆದರೆ ಒಂದು ರಾತ್ರಿ ಐಸಿಯುನಲ್ಲಿ ತೊಂದರೆ ಆದಾಗ ಹೊಸ ನರ್ಸ್ ಫೈಲ್ ತೆಗೆಯಲಿಲ್ಲ, ಮನೆಯಲ್ಲಿದ್ದ ಹಿರಿಯ ಸಿಸ್ಟರ್‌ಗೆ ಫೋನ್ ಮಾಡಿದಳು. ಆ ಸಿಸ್ಟರ್ ಕೆಲವೇ ತಿಂಗಳಲ್ಲಿ ಐರ್ಲೆಂಡ್‌ಗೆ ಹೊರಡುವವರು.

ಮೂರನೇ ಭೇಟಿಯಲ್ಲಿ ಮ್ಯಾನೇಜರ್ ಸಿಟ್ಟಿನಲ್ಲೇ ಹೇಳಿದರು, "ಆ ಸಿಸ್ಟರ್ ಜೇಬಲ್ಲಿ ಒಂದು ಡೈರಿ ಇರುತ್ತೆ. ಎಲ್ಲರಿಗೂ ಅದೇ ವೇದ."

"ಏನಿರುತ್ತೆ ಅದರಲ್ಲಿ?"

"ನಾಲ್ಕನೇ ಬೆಡ್‌ನ ಇನ್ಫ್ಯೂಷನ್ ಪಂಪ್ ಇದೆಯಲ್ಲ, ನರಕ್ಕೆ ಔಷಧಿ ಬಿಡೋ ಯಂತ್ರ, ಅದರ ಬ್ಯಾಟರಿ 20 ನಿಮಿಷಕ್ಕೇ ಇಳಿಯುತ್ತೆ, ಪೇಷಂಟ್‌ನ ಸ್ಕ್ಯಾನಿಂಗ್‌ಗೆ ಕರ್ಕೊಂಡು ಹೋಗುವಾಗ ಅದು ಬೇಡ. ಇಂಥವು."

"ಇದು ಸರ್ವರ್‌ನಲ್ಲಿ ಯಾಕಿಲ್ಲ?"

"ಯಾರೂ ಬರೆದು ಕೊಡಲಿಲ್ಲ."

"ಯಾವತ್ತೂ ಕೊಟ್ಟಿಲ್ವಾ?"

ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. ತೆಗೆದರು, ಹಾಕಿದರು. ಆಮೇಲೆ ಮೆಲ್ಲಗೆ ಅಂದರು: "ಒಬ್ಬ ಹುಡುಗಿ ಕೊಟ್ಟಿದ್ದಳು. ಪಂಪ್ ನಿಂತುಹೋಯ್ತು ಅಂತ ಇನ್ಸಿಡೆಂಟ್ ಫಾರಂ, ಅಂದ್ರೆ ಎಡವಟ್ಟಾದ್ರೆ ಬರೆದು ಕೊಡೋ ಫಾರಂ, ತುಂಬಿದ್ದಳು. ನಾನು ಅವಳಿಗೇ ಮೆಮೊ ಕೊಟ್ಟೆ."

ಮುಂದೆ ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ.

ನಾನು ಹೇಳಿದ್ದು ಇಷ್ಟು. ಮೊದಲು ಆ ಮೆಮೊ ವಾಪಸ್ ತಗೊಳ್ಳಿ, ಬರವಣಿಗೆಯಲ್ಲೇ. ಎರಡು ವಾರ ರಾತ್ರಿ ಶಿಫ್ಟ್ ಬದಲಾಗುವ ಹೊತ್ತಿಗೆ, ನರ್ಸ್‌ಗಳು ಒಬ್ಬರಿಗೊಬ್ಬರು ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಸುಮ್ನೆ ನಿಂತು ಕೇಳಿಸಿಕೊಳ್ಳಿ. ಫೋನ್ ರೂಮಲ್ಲೇ ಇರಲಿ.

ಇದು ಆಪ್ತಸಲಹೆನಾ, ಮ್ಯಾನೇಜ್‌ಮೆಂಟ್ ಪಾಠನಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಆ ಮನುಷ್ಯನ ನಿದ್ದೆ ಕೆಡಿಸಿದ್ದು ಆ ಮೆಮೊ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ ನಾನು ಅವರಿಗೆ ಮೋಸ ಮಾಡಿದ ಹಾಗಾಗುತ್ತಿತ್ತು. ಬರೆದವರಿಗೆ ಬೈಗುಳ ಬಿದ್ದರೆ ತಿಳಿದದ್ದೆಲ್ಲ ಜೇಬಿಗೆ ಇಳಿಯುತ್ತದೆ, ಜೇಬಿನ ಜೊತೆ ವಿಮಾನ ಹತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆ ಸುರಕ್ಷತಾ ಪಟ್ಟಿಯನ್ನೇ ನೋಡಿ. 19 ಅಂಶ, ಒಂದೇ ಹಾಳೆ. ಕೊಯ್ಯುವ ಮುಂಚೆ ತಂಡದ ಎಲ್ಲರೂ ತಮ್ಮ ಹೆಸರು, ಕೆಲಸ ಬಾಯಿಬಿಟ್ಟು ಹೇಳಬೇಕು ಅಂತ ಅದರಲ್ಲಿದೆ. ಒಮ್ಮೆ ಹೆಸರು ಹೇಳಿದ ನರ್ಸ್‌ಗೆ ಆಮೇಲೆ "ಡಾಕ್ಟ್ರೇ, ಒಂದು ನಿಮಿಷ" ಅನ್ನುವ ಧೈರ್ಯ ಬರುತ್ತದೆ, ಅಲ್ವಾ? ಹಾಳೆ ಕೆಲಸ ಮಾಡುವುದು ಅಲ್ಲಿ.

ತಿಂಗಳ ಮೇಲೆ ಮತ್ತೆ ಬಂದರು. ಮೆಮೊ ವಾಪಸ್ ಆಗಿದೆ, ಪಂಪ್ ರಿಪೇರಿಗೆ ಹೋಗಿದೆ. ನಿದ್ದೆ ಕೆಲವು ರಾತ್ರಿ ಬರುತ್ತಿದೆ. ಹ್ಯಾಂಡೋವರ್ ಮುಗಿದ ಮೇಲೆ ಸಿಸ್ಟರ್ ತಾವಾಗೇ ಎರಡು ವಿಷಯ ಹೇಳಿದರಂತೆ. ಡೈರಿ ಮಾತ್ರ ಕೊಟ್ಟಿಲ್ಲ.

"ಕೇಳಲಾ ಮೇಡಂ?" ಅಂದರು.

ಬೇಡ, ಇನ್ನೂ ಸ್ವಲ್ಪ ದಿನ ನಿಂತು ಕೇಳಿಸಿಕೊಳ್ಳಿ ಅಂದೆ.